ಮೂರು ಪಂಕ್ತಿಯ ಬಜೆಟ್: ಬೆಂಗಳೂರಿನ ಅಂಚಿನ ನಗರಸಭೆಯೊಂದರ 2020–21ನೇ ಸಾಲು

ಹಿನ್ನೆಲೆ

ಬೆಂಗಳೂರಿನ ಹೊರವಲಯದ ಒಂದು ನಗರಸಭೆಯ ಕಥೆ ಇದು. ಒಂದು ಕಾಲಕ್ಕೆ ರಾಗಿ ಹೊಲಗಳಿದ್ದ ಆ ನೆಲದಲ್ಲಿ ಈಗ ಒಂದು ಬದಿಗೆ ಸಣ್ಣ ಕಾರ್ಖಾನೆಗಳ ಸಾಲು, ಇನ್ನೊಂದು ಬದಿಗೆ ಬಾಡಿಗೆಗೆಂದೇ ಕಟ್ಟಿದ ಮೂರು ನಾಲ್ಕು ಅಂತಸ್ತಿನ ಮನೆಗಳು ಮತ್ತು ಪಿಜಿಗಳು. ಗಾರ್ಮೆಂಟ್ಸ್ ಕೆಲಸಗಾರರು, ಲೋಡಿಂಗ್ ಕೆಲಸದವರು, ಮೊದಲ ನೌಕರಿ ಹಿಡಿದ ಹುಡುಗರು ಅಲ್ಲಿ ತುಂಬಿದ್ದರು. ಲೆಕ್ಕಪತ್ರ ಶಾಖೆಗೆ ನೆರವಾಗಲು ನಾನು ಆ ವರ್ಷ ಅಲ್ಲಿಗೆ ಹೋಗಿದ್ದೆ. ಊರು ಮತ್ತು ವ್ಯಕ್ತಿಗಳ ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಮೊತ್ತವನ್ನು ಕೋಟಿಗಳಲ್ಲಿ ಬರೆದರೆ ಇಲಾಖೆಯಲ್ಲಿರುವವರಿಗೆ ಊರು ಯಾವುದೆಂದು ತಕ್ಷಣ ತಿಳಿಯುತ್ತದೆ. ಆದ್ದರಿಂದ ಒಟ್ಟು ಬಜೆಟ್ಟನ್ನು ನೂರು ರೂಪಾಯಿ ಎಂದಿಟ್ಟುಕೊಂಡು ಲೆಕ್ಕ ಹೇಳುತ್ತೇನೆ.

ಈ ನೂರರ ಲೆಕ್ಕದಿಂದ ಒಂದು ಭಾಗವನ್ನು ಮೊದಲೇ ಹೊರಗಿಟ್ಟಿದ್ದೇನೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮೀಸಲಾದ ಶೇ 24.10, ಇತರ ಬಡವರ ಶೇ 7.25 ಮತ್ತು ಅಂಗವಿಕಲರ ಶೇ 5ರ ನಿಧಿಗಳು ಇದರಲ್ಲಿ ಸೇರಿಲ್ಲ. ಕಷ್ಟದ ವರ್ಷದಲ್ಲಿ ಎಲ್ಲರ ಕಣ್ಣು ಮೊದಲು ಬೀಳುವುದು ಈ ನಿಧಿಗಳ ಮೇಲೆಯೇ. ಅವುಗಳಿಗೆ ಕೈ ಹಾಕಬಾರದು, ಬಂದ ಹಣದ ಪಾಲನ್ನು ತಿಂಗಳು ತಿಂಗಳು ಬೇರೆ ಖಾತೆಗೆ ಹಾಕಬೇಕು ಎಂಬುದು ಪೌರಾಯುಕ್ತರು ಆ ವರ್ಷ ತೆಗೆದುಕೊಂಡ ಮೊದಲ ನಿರ್ಧಾರ. ಅದಕ್ಕೆ ಯಾರ ಮನವೊಲಿಕೆಯೂ ಬೇಕಾಗಲಿಲ್ಲ.

ಅವನ್ನು ಬಿಟ್ಟು, ಆ ನೂರು ರೂಪಾಯಿ ಹೀಗಿತ್ತು. ಸರ್ಕಾರದ ಅನುದಾನ 54. ಅದರಲ್ಲಿ 41 ರೂಪಾಯಿ ಕಾಯಂ ನೌಕರರ ವೇತನಕ್ಕೆ, ವಿದ್ಯುತ್ ಬಿಲ್ಲಿಗೆ ಮತ್ತು ನಿರ್ದಿಷ್ಟ ಯೋಜನೆಗಳಿಗೆ ಕಟ್ಟುಬಿದ್ದದ್ದು, 13 ರೂಪಾಯಿ ಮುಕ್ತನಿಧಿ. ಸ್ವಂತ ಆದಾಯ 46. ಆಸ್ತಿ ತೆರಿಗೆ 24, ನೀರಿನ ಕಂದಾಯ 5, ಬಡಾವಣೆಗಳ ಅಭಿವೃದ್ಧಿ ಶುಲ್ಕ ಮತ್ತು ಕಟ್ಟಡ ಪರವಾನಗಿಯಿಂದ 11, ಉದ್ದಿಮೆ ಪರವಾನಗಿ ಹಾಗೂ ಮಳಿಗೆ ಬಾಡಿಗೆಯಿಂದ 6. ಕರ್ನಾಟಕದಲ್ಲಿ 1979ರಲ್ಲಿ ಆಕ್ಟ್ರಾಯ್, ಅಂದರೆ ಊರೊಳಗೆ ಬರುವ ಸರಕಿನ ಮೇಲಿನ ಸುಂಕ, ರದ್ದಾದ ಮೇಲೆ ನಮ್ಮ ಊರುಗಳಿಗೆ ತಮ್ಮದೆಂದು ಹೇಳಿಕೊಳ್ಳುವ ದೊಡ್ಡ ತೆರಿಗೆಯೆಂದರೆ ಆಸ್ತಿ ತೆರಿಗೆ ಒಂದೇ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ, ಜುಲೈನಿಂದಾಚೆಗೆ ತಿಂಗಳಿಗೆ ಶೇ 2 ದಂಡ. ಆದ್ದರಿಂದ ಈ ನಗರಸಭೆಯಲ್ಲಿ ವರ್ಷದ ಆಸ್ತಿ ತೆರಿಗೆಯ ಮೂರನೇ ಒಂದು ಭಾಗಕ್ಕೂ ಹೆಚ್ಚು ಏಪ್ರಿಲ್ ಒಂದರಲ್ಲೇ ಬರುತ್ತಿತ್ತು.

2020ರ ಮಾರ್ಚ್ ಮೊದಲ ವಾರದಲ್ಲಿ ಬಜೆಟ್‌ಗೆ ಮಂಜೂರಾತಿ ಸಿಕ್ಕಿತು. ಮೀಸಲಾತಿ ವ್ಯಾಜ್ಯದಿಂದ ಅಧ್ಯಕ್ಷ ಸ್ಥಾನ ಖಾಲಿಯಿದ್ದುದರಿಂದ ಆಡಳಿತಾಧಿಕಾರಿಯವರೇ ಸಹಿ ಹಾಕಿದರು. ಮಾರ್ಚ್ 25ರಿಂದ ದೇಶಕ್ಕೆ ಬೀಗ ಬಿತ್ತು.

ಏಪ್ರಿಲ್ ಬಂದರೂ ಹಣ ಬರಲಿಲ್ಲ

ಕೌಂಟರ್ ಮುಚ್ಚಿತ್ತು. ರಿಯಾಯಿತಿಯ ಅವಧಿಯನ್ನು ಸರ್ಕಾರ ಮುಂದಕ್ಕೆ ಹಾಕಿತು. ಜನರಿಗೆ ಅದು ಬೇಕಾಗಿತ್ತು, ನಿಜ. ಆದರೆ ನಗರಸಭೆಯ ಮಟ್ಟಿಗೆ, ಕಟ್ಟಬಲ್ಲವರೂ ಕಾದು ನೋಡೋಣ ಎಂದು ಕುಳಿತರು. ಬಾಡಿಗೆದಾರರು ಸಿಕ್ಕ ಬಸ್ಸು, ಲಾರಿ, ಕೊನೆಗೆ ಶ್ರಮಿಕ್ ರೈಲು ಹತ್ತಿ ಊರಿಗೆ ಹೋದರು. ಪಿಜಿಗಳ ಬಾಗಿಲಿಗೆ ಬೀಗ. ಬಡಾವಣೆ ಮಾಡುವವರು ನಕ್ಷೆ ಹಿಡಿದು ಬರುವುದನ್ನೇ ನಿಲ್ಲಿಸಿದರು; ಅಭಿವೃದ್ಧಿ ಶುಲ್ಕದ 11 ರೂಪಾಯಿಯಲ್ಲಿ ಏಪ್ರಿಲ್, ಮೇ ಎರಡು ತಿಂಗಳಲ್ಲಿ ಬಂದದ್ದು ಸೊನ್ನೆ. ಆ ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ದೇಶದ ಆರ್ಥಿಕತೆ ಶೇ 23.9ರಷ್ಟು ಕುಗ್ಗಿತೆಂಬ ಮೊದಲ ಅಂದಾಜು ಹೊರಬಿದ್ದದ್ದು ಆಗಸ್ಟ್ ಕೊನೆಗೆ. ನಮ್ಮ ಬಿಲ್ ಕಲೆಕ್ಟರ್‌ಗಳಿಗೆ ಅದು ಮೇ ತಿಂಗಳಲ್ಲೇ ಗೊತ್ತಿತ್ತು.

ವಾಡಿಕೆಯಂತೆ ಇಂಥ ಸಂದರ್ಭದಲ್ಲಿ ಯಾರೂ ಬಜೆಟ್ ಮುಟ್ಟುವುದಿಲ್ಲ. ಮುಂದಿನ ವರ್ಷದ ಅಂದಾಜಿನ ಜೊತೆಗೆ ಪರಿಷ್ಕೃತ ಅಂದಾಜು ಮಾಡುವಾಗ ಅಂಕಿಗಳನ್ನು ಸರಿಪಡಿಸುತ್ತಾರೆ. ಅಷ್ಟರಲ್ಲಿ ಟೆಂಡರ್‌ಗಳು ಕರೆದಾಗಿರುತ್ತವೆ, ಕೆಲಸಗಳು ಅರ್ಧ ಆಗಿರುತ್ತವೆ. ಇಲ್ಲಿ ಹಾಗಾಗದಂತೆ ತಡೆದವರು ನಗರಸಭೆಯ ಲೆಕ್ಕಾಧಿಕಾರಿ. ಮಿತಭಾಷಿ ಹೆಣ್ಣುಮಗಳು. ಮೇ ತಿಂಗಳ ಎರಡನೇ ವಾರ ಪೌರಾಯುಕ್ತರ ಮುಂದೆ ಒಂದೇ ಹಾಳೆ ಇಟ್ಟು, "ಸರ್, ಇಂದು ಬ್ಯಾಂಕಿನಲ್ಲಿರುವ ಹಣದಲ್ಲಿ ಎಷ್ಟು ನಮ್ಮದು ಎಂದು ಮೊದಲು ನೋಡೋಣ" ಎಂದರು.

ಅದು ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಬ್ಯಾಂಕ್ ಪುಸ್ತಕದ ಶಿಲ್ಕು ಧೈರ್ಯ ಕೊಡುವಂತೆಯೇ ಇತ್ತು. ಆದರೆ ಆಸ್ತಿ ತೆರಿಗೆಯ ಜೊತೆಗೆ ವಸೂಲಾದ ಶೇ 6ರ ಗ್ರಂಥಾಲಯ ಸೆಸ್ ಮತ್ತು ಶೇ 3ರ ಭಿಕ್ಷುಕರ ಸೆಸ್ ಅದರಲ್ಲಿತ್ತು. ಅದು ಬೇರೆಯವರ ಹಣ. ಗುತ್ತಿಗೆದಾರರ ಭದ್ರತಾ ಠೇವಣಿ ಇತ್ತು, ಅದು ಹಿಂದಿರುಗಿಸಬೇಕಾದದ್ದು. ಯೋಜನೆಗಳಿಗೆ ಕಟ್ಟುಬಿದ್ದ ಅನುದಾನ ಇತ್ತು. ಇವನ್ನೆಲ್ಲ ಕಳೆದಾಗ ಉಳಿದದ್ದು ಐದು ವಾರಗಳ ಖರ್ಚಿಗೆ ಸಾಲುವಷ್ಟು.

ಕಾಣದಿದ್ದ ಹದಿನೇಳು ರೂಪಾಯಿ

ಮುಂದಿನ ಎರಡು ದಿನಗಳನ್ನು ನಾನು ಮರೆಯಲಾರೆ. ಮುಖಗವಸು ಹಾಕಿಕೊಂಡು, ಸಭಾಂಗಣದ ಕಿಟಕಿಗಳನ್ನೆಲ್ಲ ತೆರೆದು, ಕಿರಿಯ ಎಂಜಿನಿಯರ್‌ಗಳು ತಮ್ಮ ಅಳತೆ ಪುಸ್ತಕಗಳನ್ನೆಲ್ಲ ತಂದು ಮೇಜಿನ ಮೇಲೆ ರಾಶಿ ಹಾಕಿದರು. ಲೆಕ್ಕಪತ್ರ ಶಾಖೆಯಲ್ಲಿ ನಮೂದಾಗುವುದು ಅಲ್ಲಿಗೆ ಬಂದ ಬಿಲ್ಲುಗಳು ಮಾತ್ರ. ಕೆಲಸ ಮುಗಿದು, ಅಳತೆಯೂ ಬರೆದಾಗಿ, ಬಿಲ್ಲು ಮಾಡದೆ ಎಂಜಿನಿಯರಿಂಗ್ ಶಾಖೆಯ ಬೀರುವಿನಲ್ಲೇ ಉಳಿದವು ಎಷ್ಟೋ. ಹಣವಿಲ್ಲವೆಂದು ಗೊತ್ತಿದ್ದರಿಂದ ಬಿಲ್ಲನ್ನು ಮೇಲಕ್ಕೆ ಕಳಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಎಲ್ಲ ಕೂಡಿಸಿದಾಗ ಬಂದ ಮೊತ್ತ 17 ರೂಪಾಯಿ. ಮಂಜೂರಾದ ಬಜೆಟ್‌ನ ಯಾವ ಸಾಲಿನಲ್ಲೂ ಇಲ್ಲದ 17 ರೂಪಾಯಿ.

ಈಗ ಲೆಕ್ಕ ಹಾಕಿ. ಸ್ವಂತ ಆದಾಯ 46, ಮುಕ್ತನಿಧಿ 13, ಒಟ್ಟು 59. ಗುತ್ತಿಗೆ ಪೌರಕಾರ್ಮಿಕರ ವೇತನ, ನೀರು ಸರಬರಾಜು, ಕಸದ ವಾಹನಗಳು, ಡೀಸೆಲ್, ಕೊಳವೆಬಾವಿ ದುರಸ್ತಿ ಎಂಬ ತಪ್ಪಿಸಲಾಗದ ಖರ್ಚು 31. ಉಳಿದದ್ದು 28. ಬಜೆಟ್‌ನಲ್ಲಿ ಈ 28ಕ್ಕೂ ಹೊಸ ಕಾಮಗಾರಿಗಳ ಪಟ್ಟಿ ಇತ್ತು. ಬಾಕಿ ಬಿಲ್ಲು ತೀರಿಸಿದರೆ ಹೊಸದಕ್ಕೆ ಉಳಿಯುವುದು ಹನ್ನೊಂದೇ.

ಅದೂ ಅಂದಾಜಿನ ಹಣವೆಲ್ಲ ಬಂದರೆ. ಹಿಂದಿನ ಐದು ವರ್ಷಗಳ ಲೆಕ್ಕ ತೆಗೆದು ನೋಡಿದೆವು. ಯಾವ ವರ್ಷವೂ ಸ್ವಂತ ಆದಾಯ ಅಂದಾಜಿನ ಮೂರನೇ ಎರಡು ಭಾಗ ದಾಟಿರಲಿಲ್ಲ. ಸರಾಸರಿ ಶೇ 62. ಹಾಗೆಂದರೆ 46ರ ಜಾಗದಲ್ಲಿ ಇಪ್ಪತ್ತೆಂಟೂವರೆ. ಕೊರೊನಾ ಬರದಿದ್ದರೂ, ಒಂದೇ ಒಂದು ಹೊಸ ಕೆಲಸ ಹಿಡಿಯದಿದ್ದರೂ, ಈ ನಗರಸಭೆಗೆ ಆರೂವರೆ ರೂಪಾಯಿ ಕೊರತೆ ಇತ್ತು. ಇಷ್ಟು ವರ್ಷ ಅದನ್ನು ತುಂಬಿದವರು ಗುತ್ತಿಗೆದಾರರು. ಎರಡು ವರ್ಷ ತಡವಾಗಿ ಬರುವ ಹಣದ ಬಡ್ಡಿಯನ್ನು ಅವರು ಟೆಂಡರ್ ದರದಲ್ಲೇ ಸೇರಿಸಿರುತ್ತಿದ್ದರು. ಸಾಲ ಮಾಡಿಲ್ಲವೆಂದುಕೊಂಡ ಊರು ಅತ್ಯಂತ ದುಬಾರಿ ಸಾಲದಲ್ಲಿ ಬದುಕುತ್ತಿತ್ತು.

ಇದು ಹೇಗಾಯಿತೆಂದು ನನಗೆ ಯಾರೂ ಹೇಳಬೇಕಿರಲಿಲ್ಲ. ನಾನು ಕೆಲಸ ಮಾಡಿದ ಕಡೆಗಳಲ್ಲೆಲ್ಲ ನೋಡಿದ್ದೇನೆ. ಖರ್ಚನ್ನು ಮೊದಲು ಬರೆಯುತ್ತಾರೆ, ಆದಾಯವನ್ನು ಅದಕ್ಕೆ ಹೊಂದಿಸುತ್ತಾರೆ. ಹೊಂದಿಸಲು ಅತಿ ಸುಲಭವಾದ ಸಾಲು "ಹಳೆಯ ಬಾಕಿ ವಸೂಲಿ." ಕಂದಾಯ ಶಾಖೆಯ ಬೇಡಿಕೆ, ವಸೂಲಿ, ಬಾಕಿ ವಹಿಯನ್ನು ನೋಡಿದಾಗ, ಬಾಕಿಯ ದೊಡ್ಡ ಪಾಲು ಮುಚ್ಚಿಹೋದ ಎರಡು ಕಾರ್ಖಾನೆಗಳದ್ದು. ಯಂತ್ರಗಳೂ ಇಲ್ಲ, ಮಾಲೀಕರೂ ಇಲ್ಲ, ಜಾಗ ನ್ಯಾಯಾಲಯದಲ್ಲಿ. ಒಂದೇ ನಿವೇಶನಕ್ಕೆ ಎರಡೆರಡು ಸಂಖ್ಯೆ ಬಿದ್ದ ನಮೂದುಗಳೂ ಇದ್ದವು. ಕಂದಾಯ ನಿರೀಕ್ಷಕರು ಲೆಕ್ಕಾಧಿಕಾರಿಗಳಿಗೆ ನೇರವಾಗಿ ಹೇಳಿದರು: "ಇದು ಬರುವ ಹಣವಲ್ಲವೆಂದು ನನಗೂ ಗೊತ್ತು ಮೇಡಂ. ಆದರೆ ವಹಿಯಿಂದ ತೆಗೆಯುವ ಅಧಿಕಾರ ನಮ್ಮ ಮಟ್ಟದಲ್ಲಿಲ್ಲ."

ಪಂಕ್ತಿಗಳು

ಮೂರು ಆದಾಯದ ಅಂದಾಜು ಮಾಡಿದೆವು. ತೀರಾ ಕೆಟ್ಟರೆ ಸ್ವಂತ ಆದಾಯ 20, ನಡುವಿನದು 26, ಒಳ್ಳೆಯದಾದರೆ 32. ಮುಕ್ತನಿಧಿ 13ರ ಬದಲು 10 ಬರುತ್ತದೆಂದು ಇಟ್ಟುಕೊಂಡೆವು. ಇಲ್ಲಿಯವರೆಗೆ ಯಾರಾದರೂ ಮಾಡುತ್ತಾರೆ. ಮುಂದಿನ ಹೆಜ್ಜೆ ಈ ಪ್ರಕರಣದ ಜೀವಾಳ. ಮೂರರಲ್ಲಿ ಯಾವುದು ನಿಜವಾಗುತ್ತದೆ ಎಂದು ಊಹಿಸುವುದನ್ನು ಬಿಟ್ಟೆವು. ಬದಲಿಗೆ, ಬಂದ ಹಣ ಯಾವ ಗೆರೆ ದಾಟಿದಾಗ ಯಾವ ಖರ್ಚಿನ ಬಾಗಿಲು ತೆರೆಯುತ್ತದೆ ಎಂದು ಮೊದಲೇ ಬರೆದೆವು.

ಲೆಕ್ಕಾಧಿಕಾರಿಗಳು ಅದಕ್ಕೆ ಪಂಕ್ತಿ ಎಂದು ಹೆಸರಿಟ್ಟರು. ಮದುವೆ ಮನೆಯಲ್ಲಿ ಮೊದಲ ಪಂಕ್ತಿ ಏಳದೆ ಎರಡನೆಯದಕ್ಕೆ ಎಲೆ ಹಾಕುವುದಿಲ್ಲವಲ್ಲ, ಹಾಗೆ. ಮೊದಲ ಪಂಕ್ತಿಯಲ್ಲಿ 28 ರೂಪಾಯಿ: ವೇತನ, ನೀರು, ಕಸ, ಔಷಧ ಸಿಂಪಡಣೆ. 31ರಲ್ಲಿ ಮೂರನ್ನು ಡೀಸೆಲ್, ಬಾಡಿಗೆ ವಾಹನ, ಕಚೇರಿ ಖರ್ಚಿನಲ್ಲಿ ಇಳಿಸಿದೆವು. ಆದಾಯ ತೀರಾ ಕೆಟ್ಟರೂ ಇದು ನಡೆಯುತ್ತದೆ. ಎರಡನೇ ಪಂಕ್ತಿ: ಜ್ಯೇಷ್ಠತೆಯಂತೆ ಬಾಕಿ ಬಿಲ್ಲು, ಗುಂಡಿ ಮುಚ್ಚುವುದು, ಸಣ್ಣ ದುರಸ್ತಿ. ಸೆಪ್ಟೆಂಬರ್ 30ಕ್ಕೆ ಸ್ವಂತ ಆದಾಯ 14 ದಾಟಿದರೆ ಮಾತ್ರ ಅದು ತೆರೆಯುತ್ತದೆ. ಮೂರನೇ ಪಂಕ್ತಿ: ಉಳಿದ ಹೊಸ ಕಾಮಗಾರಿಗಳೆಲ್ಲ. ಡಿಸೆಂಬರ್ 31ಕ್ಕೆ 24 ದಾಟಬೇಕು. ತನ್ನ ಪಂಕ್ತಿ ತೆರೆಯುವವರೆಗೆ ಯಾವ ಕೆಲಸಕ್ಕೂ ಟೆಂಡರ್ ಕರೆಯುವಂತಿಲ್ಲ. ಹಣ ಪಾವತಿಯನ್ನು ತಡೆದು ಪ್ರಯೋಜನವಿಲ್ಲ, ಆ ಹೊತ್ತಿಗೆ ಕೆಲಸ ಆಗಿಹೋಗಿರುತ್ತದೆ. ತಡೆಯಬೇಕಾದದ್ದು ಟೆಂಡರ್ ಪ್ರಕಟಣೆಯನ್ನು.

ಮಂಜೂರಾದ ಬಜೆಟ್ ಹಾಗೆಯೇ ಉಳಿಯಿತು. ಅದರ ಮೇಲೆ ಆಡಳಿತಾಧಿಕಾರಿಯವರ ಒಪ್ಪಿಗೆ ಪಡೆದು ಪೌರಾಯುಕ್ತರು ಒಂದು ಕಚೇರಿ ಆದೇಶ ಹೊರಡಿಸಿದರು. ಪೌರಕಾರ್ಮಿಕರ ಎರಡು ತಿಂಗಳ ವೇತನವನ್ನು ಪ್ರತ್ಯೇಕ ಖಾತೆಗೆ ಹಾಕಿ, ಬೇರಾವುದಕ್ಕೂ ಅದನ್ನು ತೆಗೆಯಬಾರದೆಂದು ಅದೇ ಆದೇಶದಲ್ಲಿ ಬರೆದರು. ಜೂನ್‌ನಲ್ಲಿ ಗುತ್ತಿಗೆದಾರರ ಒತ್ತಡ ಜೋರಾದಾಗ ಆ ಖಾತೆ ಪೌರಾಯುಕ್ತರ ಪರೀಕ್ಷೆಯಾಯಿತು. ಅವರು ಮುಟ್ಟಲಿಲ್ಲ. ಎಲ್ಲರೂ ಮನೆಯೊಳಗಿದ್ದಾಗ ಬೆಳಗಿನ ಆರಕ್ಕೆ ಬೀದಿಗಿಳಿದವರಿಗೆ ಒಂದು ತಿಂಗಳೂ ಸಂಬಳ ತಪ್ಪಲಿಲ್ಲ ಎಂಬುದು ಆ ವರ್ಷದ ಬಗ್ಗೆ ನನಗಿರುವ ಅತಿ ದೊಡ್ಡ ಸಮಾಧಾನ.

ಸದಸ್ಯರ ಸಿಟ್ಟು

ಆದೇಶ ತಿಳಿದ ಕೂಡಲೇ ಸದಸ್ಯರು ಬಂದರು. ಅಧಿಕಾರವಿಲ್ಲದಿದ್ದರೂ ಗೆದ್ದು ಬಂದವರು. ಜನ ಬಾಗಿಲು ತಟ್ಟುವುದು ಅವರದೇ. ವಾಡಿಕೆಯಂತೆ ಪ್ರತಿ ವಾರ್ಡಿಗೂ ಸಮಪಾಲು ಸಿಗುತ್ತಿತ್ತು. ಈಗ ಯಾರಿಗೂ ಏನೂ ಇಲ್ಲ. ಹಿರಿಯ ಸದಸ್ಯರೊಬ್ಬರು, "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಒಪ್ಪುತ್ತೇನೆ. ಆದರೆ ಹಾಸಿಗೆ ಎಷ್ಟಿದೆ ಎಂದು ನೀವಷ್ಟೇ ನೋಡಿದ್ದೀರಿ, ನಮಗೆ ತೋರಿಸಿಲ್ಲ" ಎಂದರು. ಮಾತಿನಲ್ಲಿ ನ್ಯಾಯವಿತ್ತು.

ಇನ್ನೊಬ್ಬರು ಸಾಲದ ಮಾತೆತ್ತಿದರು. 1997ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ 125 ಕೋಟಿ ರೂಪಾಯಿಯ ಬಾಂಡ್ ಹೊರಡಿಸಿ ದೇಶದಲ್ಲೇ ಮೊದಲನೆಯದೆನಿಸಿಕೊಂಡಿತ್ತು, ನಾವೇಕೆ ಮಾಡಬಾರದು ಎಂದು. ಅದರ ಹಿಂದೆ ರಾಜ್ಯ ಸರ್ಕಾರದ ಖಾತರಿ ಇತ್ತು, ನಮ್ಮ ಬಾಕಿ ಬಿಲ್ಲಿನ ಪಟ್ಟಿ ನೋಡಿದರೆ ಯಾರೂ ಖಾತರಿ ನಿಲ್ಲುವುದಿಲ್ಲ ಎಂದು ವಿವರಿಸಬೇಕಾಯಿತು. ಆ ಚರ್ಚೆ ಅಲ್ಲಿಗೆ ನಿಂತಿತು.

ಹಿರಿಯರ ಮಾತಿಗೆ ಉತ್ತರವಾಗಿ, ಜೂನ್‌ನಿಂದ ಪ್ರತಿ ತಿಂಗಳ ಮೊದಲ ಸೋಮವಾರ ಒಂದು ಪಟ್ಟಿ ಸೂಚನಾ ಫಲಕಕ್ಕೆ ಬಂತು: ವಾರ್ಡ್‌ವಾರು ತೆರಿಗೆ ಎಷ್ಟು ಬಂತು, ಯಾವ ಪಂಕ್ತಿ ತೆರೆಯಲು ಇನ್ನೆಷ್ಟು ಬೇಕು, ಯಾವ ಬಿಲ್ಲು ಎಷ್ಟನೇ ಸರದಿಯಲ್ಲಿದೆ. ಗುತ್ತಿಗೆದಾರರ ಒತ್ತಡ ಅರ್ಧಕ್ಕಿಳಿದದ್ದು ಈ ಕೊನೆಯ ಅಂಕಣದಿಂದ. ತನ್ನ ಸರದಿ ಹನ್ನೊಂದನೆಯದು, ಯಾರೂ ನಡುವೆ ನುಗ್ಗಿಲ್ಲ ಎಂದು ಕಣ್ಣಾರೆ ಕಂಡವನು ದಿನವೂ ಬಂದು ಕೂರುವುದಿಲ್ಲ.

ನಾವು ಎಣಿಸದೇ ಇದ್ದದ್ದು ಇನ್ನೊಂದು ನಡೆಯಿತು. ಆಗಸ್ಟ್‌ನಲ್ಲಿ ಅದೇ ಹಿರಿಯ ಸದಸ್ಯರು ಪಟ್ಟಿಯ ಫೋಟೊವನ್ನು ತಮ್ಮ ವಾರ್ಡಿನ ಕಟ್ಟಡ ಮಾಲೀಕರಿಗೆ ಕಳಿಸಿ, "ನಮ್ಮ ರಸ್ತೆಯ ಗುಂಡಿ ಎರಡನೇ ಪಂಕ್ತಿಯಲ್ಲಿದೆ, ನೀವು ಕಟ್ಟಿದರೆ ತೆರೆಯುತ್ತದೆ" ಎಂದು ಹೇಳತೊಡಗಿದರು. ವಸೂಲಿಗೆ ಎಂದೂ ಬಾಯಿ ಹಾಕದವರು ಬಿಲ್ ಕಲೆಕ್ಟರ್ ಜೊತೆ ನಡೆದರು. ಕಂದಾಯ ಶಾಖೆ ಕೂಡ ಎಲ್ಲರಿಗೂ ನೋಟಿಸು ಹಂಚುವುದನ್ನು ಬಿಟ್ಟು, ಯಾರ ಹತ್ತಿರ ಹಣವಿದೆ ಎಂದು ನೋಡಿ ಹೋಯಿತು. ಜೂನ್‌ನಲ್ಲೇ ಯಂತ್ರ ಓಡಿಸಲು ಶುರುಮಾಡಿದ್ದ ಕಾರ್ಖಾನೆಗಳಿಗೆ ಮೊದಲ ಕರೆ. ಖಾಲಿ ಕೊಠಡಿಗಳ ಪಿಜಿ ಮಾಲೀಕರಿಂದ ಸಾಧ್ಯವಾದಷ್ಟು, ಕಂತಿನಲ್ಲಿ. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಗೆರೆ ದಾಟಿತು.

ನಮ್ಮ ತಪ್ಪು

ಇಲ್ಲಿ ನನ್ನ ಪಾಲಿನ ತಪ್ಪನ್ನು ಬರೆಯಬೇಕು. ಪಂಕ್ತಿ ಹಂಚುವಾಗ ಚರಂಡಿ ಹೂಳೆತ್ತುವ ಕೆಲಸವನ್ನು ಎರಡನೆಯದರಲ್ಲಿ ಇಡಲು ಸೂಚಿಸಿದವನು ನಾನೇ. ಐವತ್ತು ಪೈಸೆಯ ಕೆಲಸ. ಮೇ ತಿಂಗಳಲ್ಲಿ ಕೂಲಿಯವರೂ ಸಿಗುತ್ತಿರಲಿಲ್ಲ, ಕಳೆದ ವರ್ಷ ಎತ್ತಿದ್ದಾರೆ, ನಾಲ್ಕು ತಿಂಗಳು ತಡೆಯುತ್ತದೆ ಎಂದುಕೊಂಡೆ. ಆರೋಗ್ಯ ನಿರೀಕ್ಷಕರು ಬೇಡವೆಂದಿದ್ದರು. "ಸರ್, ತಗ್ಗಿನ ಓಣಿಗೆ ಮೇಲಿನ ಮೂರು ಬಡಾವಣೆಗಳ ನೀರು ಬರುತ್ತದೆ" ಎಂದದ್ದು ನನಗೆ ನೆನಪಿದೆ.

ಎರಡನೇ ಪಂಕ್ತಿ ತೆರೆದು, ಟೆಂಡರ್ ಪ್ರಕ್ರಿಯೆ ನಡೆಯುತ್ತಿರುವಾಗಲೇ ಅಕ್ಟೋಬರ್‌ನ ಮಳೆ ಬಂತು. ಓಣಿಯ ಮನೆಗಳಿಗೆ ಮೊಣಕಾಲುದ್ದ ಕೊಚ್ಚೆ ನೀರು ನುಗ್ಗಿತು. ಕೆಲಸ ಕಳೆದುಕೊಂಡು ಊರಿಗೆ ಹೋಗಿ, ಆಗಷ್ಟೇ ಮರಳಿ ಬಂದಿದ್ದ ಕುಟುಂಬಗಳು. ಇದ್ದ ಅಕ್ಕಿ, ಹಾಸಿಗೆ, ಮಕ್ಕಳ ಪುಸ್ತಕ ಎಲ್ಲ ನೆನೆದುಹೋದವು. ಪಂಪು, ಜೆಸಿಬಿ, ಊಟ, ಪರಿಹಾರ, ತುರ್ತು ಹೂಳೆತ್ತುವಿಕೆ ಸೇರಿ ಒಂದೂಕಾಲು ರೂಪಾಯಿ ಆಯಿತು. ಹಣದ ಲೆಕ್ಕಕ್ಕೆ ಸಿಗುವ ನಷ್ಟ ಅಷ್ಟು. ಒಬ್ಬ ತಾಯಿ ಒದ್ದೆ ಪಡಿತರ ಚೀಟಿಯನ್ನು ಬಿಸಿಲಿಗೆ ಹಿಡಿದು ನಿಂತಿದ್ದನ್ನು ಯಾವ ಶೀರ್ಷಿಕೆಯಲ್ಲಿ ಬರೆಯಲಿ?

ನಾವು ಖರ್ಚುಗಳನ್ನು ಎಷ್ಟು ಮುಖ್ಯ ಎಂಬುದರ ಮೇಲಷ್ಟೇ ಹಂಚಿದ್ದೆವು. ಯಾವ ತಾರೀಖಿನ ಒಳಗೆ ಆಗಬೇಕು ಎಂದು ಕೇಳಿರಲಿಲ್ಲ. ರಸ್ತೆಗೆ ಡಾಂಬರು ಮುಂದಿನ ವರ್ಷ ಹಾಕಿದರೂ ರಸ್ತೆಯೇ. ಹೂಳನ್ನು ಮೇ ಮುಗಿಯುವುದರೊಳಗೆ ಎತ್ತದಿದ್ದರೆ ಆಮೇಲೆ ಎತ್ತಿದ್ದಕ್ಕೆ ಅರ್ಥವಿಲ್ಲ. ಲಸಿಕೆ, ಸೊಳ್ಳೆ ಔಷಧ, ಬೇಸಿಗೆಗೆ ಮುಂಚಿನ ಕೊಳವೆಬಾವಿ ದುರಸ್ತಿ, ಇವೆಲ್ಲ ಅದೇ ಜಾತಿಯವು. ನವೆಂಬರ್‌ನಲ್ಲಿ ಅಧ್ಯಕ್ಷರ ಆಯ್ಕೆಯಾಗಿ ಸಭೆ ಪರಿಷ್ಕೃತ ಬಜೆಟ್ಟನ್ನು ಚರ್ಚಿಸಿದಾಗ ಪಟ್ಟಿಗೆ ಒಂದು ಅಂಕಣ ಸೇರಿತು: "ಈ ದಿನಾಂಕದ ನಂತರ ನಿಷ್ಪ್ರಯೋಜಕ." ಹತ್ತಿರದ ದಿನಾಂಕವಿರುವ ಸಣ್ಣ ಖರ್ಚುಗಳು ಮೊದಲ ಪಂಕ್ತಿಗೆ ಬಂದವು. ಅನಿಶ್ಚಿತ ಕಾಲದಲ್ಲಿ ಬಜೆಟ್ ಮಾಡುವ ಬೇರೆ ಊರಿನವರು ನಮ್ಮಿಂದ ಒಂದನ್ನೇ ತೆಗೆದುಕೊಳ್ಳುವುದಾದರೆ ಈ ಅಂಕಣವನ್ನು ತೆಗೆದುಕೊಳ್ಳಲಿ ಎಂಬುದು ನನ್ನ ಕೋರಿಕೆ. ಪಂಕ್ತಿಗಳಿಗಿಂತ ಇದು ದೊಡ್ಡದು.

ವರ್ಷದ ಕೊನೆಗೆ

2021ರ ಮಾರ್ಚ್ 31ಕ್ಕೆ ಸ್ವಂತ ಆದಾಯ 27 ರೂಪಾಯಿ, ಮುಕ್ತನಿಧಿ 10. ಮೊದಲ ಪಂಕ್ತಿಗೆ 28, ಬಾಕಿ ಬಿಲ್ಲಿಗೆ 5, ದುರಸ್ತಿ ಮತ್ತು ಪ್ರವಾಹದ ಖರ್ಚಿಗೆ 4. ಡಿಸೆಂಬರ್‌ನಲ್ಲಿ 24ರ ಗೆರೆ ದಾಟಲಿಲ್ಲ, ಮೂರನೇ ಪಂಕ್ತಿ ತೆರೆಯಲೇ ಇಲ್ಲ. ಬಾಕಿ 17ರಿಂದ 12ಕ್ಕೆ ಇಳಿಯಿತು. ಹಳೆಯ ಸಿಬ್ಬಂದಿ ಹೇಳುವಂತೆ ಬಾಕಿ ಇಳಿದದ್ದು ಅವರು ಕಂಡಂತೆ ಇದೇ ಮೊದಲು, ಅದೂ ಅತ್ಯಂತ ಕೆಟ್ಟ ವರ್ಷದಲ್ಲಿ. ಮುಂದಿನ ಚಳಿಗಾಲದ ಒಂದು ಟೆಂಡರ್‌ಗೆ ಹಿಂದಿಗಿಂತ ಹೆಚ್ಚು ಜನ ಬಂದು, ದರವೂ ಕಡಿಮೆಯಾಯಿತು. ಹಣ ಸರದಿಯಂತೆ ಸಿಗುತ್ತದೆಂಬ ಸುದ್ದಿ ಹರಡಿದ್ದೇ ಕಾರಣವೆಂದು ಎಂಜಿನಿಯರ್‌ಗಳು ನಂಬುತ್ತಾರೆ. ಒಂದು ಟೆಂಡರ್‌ನಿಂದ ಅಷ್ಟು ಹೇಳಲು ನನಗೆ ಧೈರ್ಯವಿಲ್ಲ.

ಹೊಸ ವರ್ಷದ ಬಜೆಟ್ 72 ರೂಪಾಯಿಯದ್ದು. ಊರು ಹಿಂದಕ್ಕೆ ಹೋಯಿತೆಂದು ಸಭೆಯಲ್ಲಿ ಟೀಕೆ ಬಂತು. ಹಿರಿಯ ಸದಸ್ಯರು ಎದ್ದು ನಿಂತು, ನೂರು ಬರೆದು ಅರವತ್ತು ತಂದವರು ಎಪ್ಪತ್ತೆರಡು ಬರೆದು ಎಪ್ಪತ್ತು ತಂದರೆ ಹಿಂದೆ ಹೋದಂತೆಯೋ ಮುಂದೆ ಹೋದಂತೆಯೋ ಎಂದು ಕೇಳಿದರು. ಏಪ್ರಿಲ್ 27ರಿಂದ ರಾಜ್ಯದಲ್ಲಿ ಮತ್ತೆ ಕರ್ಫ್ಯೂ ಬಂದಾಗ ಮೇ ತಿಂಗಳ ಆತಂಕದ ಸಭೆ ನಡೆಯಲಿಲ್ಲ. ಪಂಕ್ತಿಗಳು ಮೊದಲೇ ಬರೆದಿದ್ದವು. ಆ ಹೊತ್ತಿಗೆ ತಗ್ಗಿನ ಓಣಿಯ ಚರಂಡಿಯಲ್ಲಿ ಹೂಳೆತ್ತಿ ಆಗಿತ್ತು.

ಸರಿಹೋಗದೆ ಉಳಿದದ್ದೂ ಇದೆ. ಮುಚ್ಚಿಹೋದ ಎರಡು ಕಾರ್ಖಾನೆಗಳ ಬಾಕಿಯನ್ನು ಪ್ರತ್ಯೇಕ ತೋರಿಸಲು ಅನುಮತಿ ಕೋರಿ ಲೆಕ್ಕಾಧಿಕಾರಿಗಳು ಬರೆದ ಪತ್ರಕ್ಕೆ ನಾನು ಅಲ್ಲಿಂದ ಹೊರಡುವವರೆಗೆ ಉತ್ತರ ಬಂದಿರಲಿಲ್ಲ. ಬಾಗಿಲಿಗೆ ಗಿಡ ಬೆಳೆದ ಆ ಎರಡು ಶೆಡ್ಡುಗಳ ಹೆಸರಿನಲ್ಲಿ ತಿಂಗಳಿಗೆ ಶೇ 2ರ ದಂಡ ಸೇರುತ್ತಾ, ವಹಿಯಲ್ಲಿ ನಗರಸಭೆಗೆ ಬರಬೇಕಾದ ಹಣ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಲೇ ಇತ್ತು.